ಬ್ರೂನೋಗೆ ಹಸಿ ಕೋಳಿಯೋ, ಬೇಯಿಸಿದ್ದೋ?

ಪ್ರಶ್ನೆ: ನಮ್ಮದು ಸಕಲೇಶಪುರದಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ, ಕಾಫಿ ತೋಟದ ಮನೆ. ಬ್ರೂನೋ ಅಂತ ಎರಡು ವರ್ಷದ ಲ್ಯಾಬ್ರಡಾರ್ ಇದ್ದಾನೆ, 28 ಕೆಜಿ. ಇಷ್ಟು ದಿನ ಅನ್ನಕ್ಕೆ ಸ್ವಲ್ಪ ಬೇಯಿಸಿದ ಕೋಳಿ, ನಮ್ಮ ಸಾರು ಕಲಸಿ ಹಾಕುತ್ತಿದ್ದೆ. ಬೆಂಗಳೂರಿನಲ್ಲಿರುವ ಮಗ ಈಗ ಹೊಸ ರಾಗ ತೆಗೆದಿದ್ದಾನೆ. ನಾಯಿಗೆ ಹಸಿ ಮಾಂಸವೇ ಸಹಜ ಆಹಾರ, ಅನ್ನ ನಿಲ್ಲಿಸಿ ಎನ್ನುತ್ತಾನೆ. ಹೋದ ತಿಂಗಳು ಬಂದವನು ಫ್ರೀಜರಿಗೆ ಆರು ಕೆಜಿ ಕೋಳಿ ತುಂಬಿಸಿಟ್ಟು ಹೋದ. ನಮ್ಮತ್ತೆಗೆ ಎಪ್ಪತ್ತೆಂಟು ವರ್ಷ. ಹಸಿ ಮಾಂಸ ತಿಂದ ನಾಯಿಗೆ ರಕ್ತದ ರುಚಿ ಹತ್ತುತ್ತದೆ, ಆಮೇಲೆ ಮನೆಯವರನ್ನೇ ಕಚ್ಚುತ್ತದೆ ಎಂದು ಅವರು ಹೆದರಿಸುತ್ತಾರೆ. ಅರಿಶಿನ ಸವರಿ, ಬಿಸಿನೀರಿನಲ್ಲಿ ಅದ್ದಿ ಕೊಟ್ಟರೆ ಸಾಕೇ? ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಮಗುವಿಗೆ ಮೂರು ತಿಂಗಳು. ಇನ್ನೊಂದು ವಿಷಯ. ಹೋದ ವಾರ ಮಳೆಗೆ ಎರಡು ದಿನ ಕರೆಂಟ್ ಇರಲಿಲ್ಲ. ಫ್ರೀಜರಿನ ಕೋಳಿ ಈಗ ಮತ್ತೆ ಗಟ್ಟಿಯಾಗಿದೆ. ಅದನ್ನು ಏನು ಮಾಡಲಿ?

ಉತ್ತರ: ಬೇಯಿಸಿಯೇ ಹಾಕಿ. ಮೂರು ತಿಂಗಳ ಮಗು ಎಂದು ಓದಿದ ಮೇಲೆ ನನಗೆ ಎರಡನೇ ಯೋಚನೆ ಬರಲಿಲ್ಲ. ಹಾಗಂತ ಮಗ ಹೇಳಿದ್ದೆಲ್ಲ ತಪ್ಪಲ್ಲ, ಅತ್ತೆಯವರು ಹೇಳಿದ್ದೆಲ್ಲ ಸರಿಯೂ ಅಲ್ಲ. ಇಬ್ಬರ ಮಾತಿನಲ್ಲೂ ಇಟ್ಟುಕೊಳ್ಳುವಂಥದ್ದು ಸ್ವಲ್ಪ ಇದೆ.

ಮೊದಲು ಮಗನ ಮಾತು. ಈ ಹಸಿ ಮಾಂಸದ ವಾದ ಜೋರಾದದ್ದು ಆಸ್ಟ್ರೇಲಿಯಾದಿಂದ. 1993ರಲ್ಲಿ ಅಲ್ಲಿನ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್, ನಾಯಿಗೆ ಹಸಿ ಮಾಂಸ, ಹಸಿ ಮೂಳೆ, ತರಕಾರಿ ಕೊಡಿ ಎಂದು ಬರೆದರು. ‘ಬಾರ್ಫ್’ ಎಂಬ ಹೆಸರಿನಲ್ಲಿ ಅದು ಊರೂರು ಸುತ್ತಿ ಈಗ ನಮ್ಮ ಫೋನಿಗೂ ಬಂದಿದೆ. ಹಸಿ ಮಾಂಸಕ್ಕೆ ಬದಲಾಯಿಸಿದವರು ಹೇಳುವ ಎರಡು ಮಾತು ನಿಜ. ಕೂದಲು ಮಿರಮಿರ ಹೊಳೆಯುತ್ತದೆ. ಕಕ್ಕ ಕಡಿಮೆಯಾಗುತ್ತದೆ, ಗಟ್ಟಿಯಾಗುತ್ತದೆ. ಆದರೆ ಕೂದಲು ಹೊಳೆಯುವುದು ಮಾಂಸ ಹಸಿಯಾಗಿರುವುದರಿಂದ ಅಲ್ಲ. ಅದರಲ್ಲಿರುವ ಕೊಬ್ಬು ಮತ್ತು ಪ್ರೋಟೀನಿನಿಂದ. ಬರೀ ಅನ್ನ-ಸಾರು ತಿನ್ನುತ್ತಿದ್ದ ನಾಯಿಗೆ ಒಮ್ಮೆಲೇ ಮಾಂಸ ಹೆಚ್ಚಿಸಿದರೆ, ಬೇಯಿಸಿ ಕೊಟ್ಟರೂ ಅದು ಹೊಳೆಯುತ್ತದೆ. ಕಕ್ಕ ಕಡಿಮೆಯಾಗುವುದು ಅನ್ನ ನಿಂತದ್ದರಿಂದ. ಹಸಿ ಮಾಂಸದಲ್ಲಿ ಜೀರ್ಣಕ್ಕೆ ಬೇಕಾದ ಕಿಣ್ವಗಳಿವೆ, ಬೇಯಿಸಿದರೆ ಸಾಯುತ್ತವೆ ಎಂದು ಮಗ ಹೇಳಬಹುದು. ನಾಯಿ ತನಗೆ ಬೇಕಾದ ಕಿಣ್ವಗಳನ್ನು ತನ್ನ ಮೇದೋಜ್ಜೀರಕ ಗ್ರಂಥಿಯಲ್ಲೇ ತಯಾರಿಸಿಕೊಳ್ಳುತ್ತದೆ. ಕೋಳಿಯಿಂದ ಸಾಲ ತರಬೇಕಾಗಿಲ್ಲ.

‘ನಾಯಿ ಅಂದರೆ ತೋಳ’ ಎಂಬ ಮಾತಿಗೆ 2013ರಲ್ಲೇ ಉತ್ತರ ಸಿಕ್ಕಿದೆ. ಸ್ವೀಡನ್ನಿನ ವಿಜ್ಞಾನಿಗಳು ತೋಳ ಮತ್ತು ನಾಯಿಯ ಜೀನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಪಿಷ್ಟ, ಅಂದರೆ ಅನ್ನ-ರಾಗಿಯಲ್ಲಿರುವ ಗಂಜಿಯಂಶ, ಅದನ್ನು ಅರಗಿಸುವ ಒಂದು ಜೀನ್ ಇದೆ. ತೋಳದಲ್ಲಿ ಅದರ ಎರಡು ಪ್ರತಿ. ನಾಯಿಗಳಲ್ಲಿ ನಾಲ್ಕರಿಂದ ಮೂವತ್ತು. ಮನುಷ್ಯ ಬೇಸಾಯ ಹಿಡಿದ ಮೇಲೆ ಅವನ ಅಂಗಳದಲ್ಲಿ ಮಲಗಿ, ಅವನ ಮಿಕ್ಕಿದ್ದನ್ನು ತಿಂದು ಬೆಳೆದ ಪ್ರಾಣಿ ಇದು. ಮುದ್ದೆ ತಿನ್ನುವ ಹಾಸನದ ನಾಯಿ, ಕಡುಬು ತಿನ್ನುವ ಮಲೆನಾಡಿನ ನಾಯಿ ಎರಡೂ ತಮ್ಮ ಜಾತಿಗೆ ದ್ರೋಹ ಮಾಡಿಲ್ಲ. ಬರೀ ಅನ್ನವೇ ತಟ್ಟೆ ತುಂಬಿದರೆ ಮಾತ್ರ ತಪ್ಪು. ಇಲ್ಲಿ ಮಗನ ಮಾತು ಸರಿ. ಬ್ರೂನೋನ ತಟ್ಟೆಗೆ ಮಾಂಸ ಜಾಸ್ತಿಯಾಗಬೇಕು.

ಇನ್ನು ಹಸಿ ಯಾಕೆ ಬೇಡ ಎಂಬುದು. ನೀವು ಕೋಳಿ ತರುವ ಅಂಗಡಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕಣ್ಣೆದುರೇ ಕಡಿದು ಕೊಡುತ್ತಾರೆ, ಫ್ರೆಶ್ ಅಲ್ವಾ ಎನ್ನುತ್ತೇವೆ. ಫ್ರೆಶ್ ಹೌದು. ಆದರೆ ಬೆಳಗಿನಿಂದ ಎಷ್ಟೋ ಕೋಳಿ ತಿರುಗಿದ ಪುಕ್ಕ ಕೀಳುವ ಡ್ರಮ್ಮು ಒಂದೇ. ಕೊಚ್ಚುವ ಮರದ ಕೊರಡು ಒಂದೇ. ಕತ್ತಿ ಒಂದೇ. ಕೋಳಿಯ ಕರುಳಿನಲ್ಲಿರುವ ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಅಲ್ಲೇ ಮಾಂಸಕ್ಕೆ ಅಂಟುತ್ತವೆ. ಆಮೇಲೆ ಪ್ಲಾಸ್ಟಿಕ್ ಕವರಿನಲ್ಲಿ, ಸ್ಕೂಟರಿನ ಕೊಕ್ಕೆಗೆ ನೇತುಹಾಕಿಕೊಂಡು, ಹದಿನಾಲ್ಕು ಕಿಲೋಮೀಟರ್. ನಾವು ಅದನ್ನು ಕುದಿಸಿ ತಿನ್ನುತ್ತೇವೆ, ಹಾಗಾಗಿ ಬಚಾವಾಗುತ್ತೇವೆ.

ನಾಯಿಗೆ ಇದರಿಂದ ಏನಾಗುತ್ತದೆ? ಎಷ್ಟೋ ಸಲ ಏನೂ ಆಗುವುದಿಲ್ಲ. ‘ನಮ್ಮ ನಾಯಿ ಎರಡು ವರ್ಷದಿಂದ ಹಸಿ ತಿನ್ನುತ್ತಿದೆ, ಕಲ್ಲು ತಿಂದರೂ ಅರಗಿಸಿಕೊಳ್ಳುತ್ತೆ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ತೊಂದರೆ ಇರುವುದೇ ಅಲ್ಲಿ. ನಾಯಿ ಆರಾಮಾಗಿ ಬಾಲ ಅಲ್ಲಾಡಿಸುತ್ತಾ ಓಡಾಡುತ್ತಿರುತ್ತದೆ, ಆದರೆ ಅದರ ಕಕ್ಕದಲ್ಲಿ ಸಾಲ್ಮೊನೆಲ್ಲಾ ಹೊರಬೀಳುತ್ತಿರುತ್ತದೆ. ಒಂದೇ ಒಂದು ಊಟದಿಂದ ಏಳು ದಿನದವರೆಗೂ ಹೊರಬಿದ್ದದ್ದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ನಾಯಿ ತನ್ನ ಹಿಂಭಾಗ ನೆಕ್ಕಿಕೊಳ್ಳುತ್ತದೆ. ಅದೇ ನಾಲಿಗೆಯಲ್ಲಿ ನಿಮ್ಮ ಕೈ, ಮಗಳ ಸೀರೆಯ ಸೆರಗು, ಮಗುವಿನ ಪಾದ. ಇನ್ನು ನಾಲ್ಕೈದು ತಿಂಗಳಿಗೆ ಮಗು ಅಂಬೆಗಾಲಿಡುತ್ತದೆ. ಬ್ರೂನೋ ಮಲಗುವ ಅದೇ ನೆಲದ ಮೇಲೆ. ದೊಡ್ಡವರಿಗೆ ನಾಲ್ಕು ದಿನದ ಬೇಧಿಯಾಗಿ ಹೋಗುವ ಕಾಯಿಲೆ, ಒಂದು ವರ್ಷದೊಳಗಿನ ಮಗುವಿಗೂ ಎಪ್ಪತ್ತೆಂಟರ ಅತ್ತೆಯವರಿಗೂ ರಕ್ತಕ್ಕೇರಿದರೆ ಆಸ್ಪತ್ರೆಯ ಮಾತು. ಹಸಿ ಮಾಂಸವನ್ನು ಬ್ರೂನೋ ತಡೆದುಕೊಳ್ಳಬಹುದು. ನಿಮ್ಮ ಮನೆ ತಡೆದುಕೊಳ್ಳುವುದಿಲ್ಲ. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲಿ ಹಸಿ ಮಾಂಸ ಬೇಡ ಎಂದು ನಿಲುವು ತೆಗೆದುಕೊಂಡದ್ದಕ್ಕೂ ಒಂದು ದೊಡ್ಡ ಕಾರಣ ಇದೇ. ನಾಯಿಯಷ್ಟೇ ಅಲ್ಲ, ಮನೆಯವರು.

ನಾಯಿಗೇ ತೊಂದರೆ ಆಗುವುದೂ ಇದೆ. ಕೋಳಿ ಕತ್ತನ್ನು ಹಸಿಯಾಗಿ ಕೊಡುವುದು ಈಗ ಫ್ಯಾಶನ್. ಮೆಲ್ಬರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಸಂಬಂಧ ತೋರಿಸಿಕೊಟ್ಟರು. ಹಸಿ ಕೋಳಿ, ಅದರಲ್ಲೂ ಕತ್ತು ತಿನ್ನುವ ನಾಯಿಗಳಲ್ಲಿ ಒಂದು ರೀತಿಯ ಪಾರ್ಶ್ವವಾಯು ಹೆಚ್ಚು ಕಂಡಿತು. ಮೊದಲು ಹಿಂಗಾಲು ಸೋಲುತ್ತದೆ, ಆಮೇಲೆ ಮುಂಗಾಲು, ಬೊಗಳುವ ದನಿಯೂ ಬದಲಾಗುತ್ತದೆ. ಕ್ಯಾಂಪೈಲೋಬ್ಯಾಕ್ಟರ್ ವಿರುದ್ಧ ಹೋರಾಡಲು ಹೊರಟ ದೇಹ ತಪ್ಪಿ ತನ್ನ ನರಗಳ ಮೇಲೆಯೇ ಬೀಳುವುದು ಇದಕ್ಕೆ ಕಾರಣ ಎಂದು ಅವರ ಲೆಕ್ಕ. ಅಪರೂಪದ ಕಾಯಿಲೆ, ನಿಜ. ಎದ್ದು ನಿಲ್ಲಲು ತಿಂಗಳುಗಟ್ಟಲೆ ಹಿಡಿಯಬಹುದು. 28 ಕೆಜಿಯ ನಾಯಿಯನ್ನು ದಿನಾ ಎತ್ತಿ ಮಗ್ಗುಲು ಬದಲಾಯಿಸುವವರು ಯಾರು?

ಅರಿಶಿನದ ಪ್ರಶ್ನೆಗೆ ಉತ್ತರ ಚಿಕ್ಕದು. ಸಾಲದು. ಬಣ್ಣ ಬರುತ್ತದೆ ಅಷ್ಟೆ. ಬಿಸಿನೀರಿನಲ್ಲಿ ಅದ್ದಿದರೆ ಮೇಲ್ಮೈ ಬೆಳ್ಳಗಾಗುತ್ತದೆ, ಒಳಗೆ ಹಸಿಯೇ. ಕೋಳಿಯ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಥರ್ಮಾಮೀಟರ್ ಬೇಡ, ದಪ್ಪ ತುಂಡನ್ನು ಸೀಳಿ ನೋಡಿದರೆ ಒಳಗೆ ಎಲ್ಲೂ ಗುಲಾಬಿ ಬಣ್ಣ ಉಳಿದಿರಬಾರದು. ಇನ್ನೊಂದು ಮಾತು. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿ ಉಜ್ಜಿ ತೊಳೆಯಬೇಡಿ. ಬ್ಯಾಕ್ಟೀರಿಯಾ ಹೋಗುವುದಿಲ್ಲ, ಸಿಂಕಿನ ಸುತ್ತ ಸಿಡಿಯುತ್ತದೆ. ಮಗುವಿನ ಒಳಲೆ ಅಲ್ಲೇ ಪಕ್ಕದಲ್ಲಿ ಕವುಚಿ ಇಟ್ಟಿರುತ್ತೀರಿ.

ಈಗ ನನಗೆ ಕೋಳಿಗಿಂತ ಹೆಚ್ಚು ಭಯ ಹುಟ್ಟಿಸುವ ವಿಷಯಕ್ಕೆ ಬರುತ್ತೇನೆ. ನೀವು ಕೇಳಿಲ್ಲ. ಆದರೆ ಹಸಿ ಮಾಂಸ ಒಳ್ಳೆಯದು ಎಂಬ ಮಾತು ಮನೆಗೆ ಬಂದ ಮೇಲೆ ಮುಂದಿನ ಹಬ್ಬಕ್ಕೆ ಇದು ಬಂದೇ ಬರುತ್ತದೆ.

ಅರಸೀಕೆರೆ ಕಡೆ ಕೆಲಸ ಮಾಡುವಾಗ ಮಾರಿ ಹಬ್ಬಗಳನ್ನು ಬಹಳ ನೋಡಿದ್ದೇನೆ. ಹರಕೆಯ ಕುರಿ ಕಡಿಯುತ್ತಾರೆ. ತೊಳ್ಳೆ, ಕರುಳು ಬಿಡಿಸುವಾಗ ಲಿವರಿನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬಿದ ಬಿಳಿ ಗುಳ್ಳೆ ಕಾಣುತ್ತದೆ. ಲಿಂಬೆಹಣ್ಣಿನಷ್ಟು, ಕೆಲವು ಸಲ ಅದಕ್ಕಿಂತ ದೊಡ್ಡದು. ‘ಇದು ಬೇಡ’ ಎಂದು ಆ ತುಂಡನ್ನು ಕೊಯ್ದು ಪಕ್ಕದಲ್ಲಿ ಕಾಯುತ್ತಾ ಕೂತಿರುವ ನಾಯಿಗೆ ಎಸೆಯುತ್ತಾರೆ. ಮನುಷ್ಯರು ತಿನ್ನಬಾರದ್ದನ್ನು ನಾಯಿಗೆ ಹಾಕಿದೆವು, ವ್ಯರ್ಥವಾಗಲಿಲ್ಲ ಎಂಬ ಸಮಾಧಾನ. ಆ ಗುಳ್ಳೆ ಎಕಿನೋಕಾಕಸ್ ಎಂಬ ಲಾಡಿಹುಳುವಿನ ಮರಿಗಳ ಚೀಲ. ನಾಯಿಯ ಹೊಟ್ಟೆಗೆ ಹೋದರೆ ಅವು ಸುಮಾರು ಆರೇಳು ವಾರದಲ್ಲಿ ಬೆಳೆದು ಮೊಟ್ಟೆ ಇಡುತ್ತವೆ. ಲಾಡಿಹುಳು ಎಂದ ಕೂಡಲೇ ಮಾರುದ್ದದ ಹುಳು ಅಂದುಕೊಳ್ಳಬೇಡಿ. ಇದರ ಉದ್ದ ಕೆಲವೇ ಮಿಲಿಮೀಟರ್. ಕಣ್ಣಿಗೆ ಬೀಳುವುದಿಲ್ಲ. ನಾಯಿ ಸೊರಗುವುದಿಲ್ಲ, ವಾಂತಿ ಮಾಡುವುದಿಲ್ಲ, ಯಾವ ಸುಳಿವನ್ನೂ ಕೊಡುವುದಿಲ್ಲ.

ಮೊಟ್ಟೆಗಳು ಕಕ್ಕದಲ್ಲಿ ಹೊರಬಿದ್ದು ಮಣ್ಣಿಗೆ, ಹುಲ್ಲಿಗೆ, ನಾಯಿಯ ಕೂದಲಿಗೆ ಅಂಟುತ್ತವೆ. ಹುಲ್ಲಿನಿಂದ ಮತ್ತೆ ಕುರಿಗೆ. ಕೂದಲಿನಿಂದ ಮಕ್ಕಳ ಕೈಗೆ, ಬಾಯಿಗೆ. ಮನುಷ್ಯರ ಲಿವರಿನಲ್ಲಿ ಅದೇ ಗುಳ್ಳೆ ಸದ್ದಿಲ್ಲದೆ ವರ್ಷಾನುಗಟ್ಟಲೆ ಬೆಳೆಯುತ್ತದೆ. ಇವತ್ತು ನಾಯಿಯನ್ನು ತಬ್ಬಿಕೊಂಡು ಆಡಿದ ಮಗುವಿಗೆ ಇಪ್ಪತ್ತನೇ ವಯಸ್ಸಿನಲ್ಲಿ ಹೊಟ್ಟೆನೋವು ಅಂತ ಸ್ಕ್ಯಾನ್ ಮಾಡಿದಾಗ ಗೊತ್ತಾಗಬಹುದು. ನಿಮ್ಮ ತೋಟದ ಲೈನ್ ಮನೆ ಮಕ್ಕಳೂ ಬ್ರೂನೋ ಜೊತೆ ಆಡುತ್ತಾರೆ ತಾನೇ? ಅವರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಹಾಗಾಗಿ ಕುರಿ, ಮೇಕೆಯ ಲಿವರ್, ಶ್ವಾಸಕೋಶ, ಕರುಳು ಯಾವತ್ತೂ ಹಸಿಯಾಗಿ ನಾಯಿಗೆ ಬೇಡ. ಗುಳ್ಳೆ ಇರುವುದನ್ನು ಬೇಯಿಸಿಯೂ ಕೊಡಬೇಡಿ. ಆಳವಾಗಿ ಹೂಳಿಸಿ ಅಥವಾ ಸುಡಿಸಿ. ಮೆಡಿಕಲ್ ಶಾಪಿನಲ್ಲಿ ‘ನಾಯಿಗೆ ಜಂತಿನ ಔಷಧಿ’ ಎಂದು ಕೇಳಿದರೆ ಕೊಡುವ ಎಲ್ಲದರಲ್ಲೂ ಈ ಹುಳುವಿಗೆ ಮದ್ದು ಇರುವುದಿಲ್ಲ. ಚೀಟಿಯ ಮೇಲೆ ‘ಪ್ರಾಜಿಕ್ವಾಂಟೆಲ್’ ಎಂಬ ಹೆಸರಿದೆಯೇ ನೋಡಿ. ಸುಮ್ನೆ ದುಂಡು ಹುಳುವಿನ ಸಿರಪ್ ಕುಡಿಸಿ ‘ಡೀವರ್ಮಿಂಗ್ ಆಯ್ತು’ ಅಂದುಕೊಂಡವರು ನೂರಾರು ಜನ ನನ್ನ ಮುಂದೆ ಕೂತಿದ್ದಾರೆ.

ಹಂದಿ ಮಾಂಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಸಿ ಬೇಡ, ಟ್ರಿಚಿನೆಲ್ಲಾ ಎಂಬ ಹುಳು ಮಾಂಸಖಂಡದ ಒಳಗೇ ಕೂತಿರಬಹುದು. ಬೇಯಿಸಿದರೂ ಲ್ಯಾಬ್ರಡಾರಿಗೆ ಆ ಕೊಬ್ಬು ಜಾಸ್ತಿಯಾಗುತ್ತದೆ. ಒಮ್ಮೆಲೇ ತುಂಬ ಕೊಬ್ಬು ತಿಂದರೆ ಮೇದೋಜ್ಜೀರಕ ಗ್ರಂಥಿ ಊದಿಕೊಂಡು ಜೀವಕ್ಕೇ ಬರಬಹುದು. ತೋಟದಲ್ಲಿ ಯಾರಾದರೂ ‘ಕಾಡಿನದು’ ಎಂದು ಪೊಟ್ಟಣ ತಂದುಕೊಟ್ಟರೆ ವಾಪಸ್ ಕಳಿಸಿ. ಕಾನೂನಿಗೂ ತಪ್ಪು, ನಾಯಿಗೂ ಕೆಟ್ಟದ್ದು. ಮೀನಿನಲ್ಲೂ ಹಸಿ ಬೇಡ. ಕೆಲವು ಮೀನುಗಳಲ್ಲಿ ಬಿ-1 ಜೀವಸತ್ವವನ್ನು ಒಡೆದುಹಾಕುವ ಕಿಣ್ವ ಇದೆ, ಬೇಯಿಸಿದರೆ ಅದು ನಾಶವಾಗುತ್ತದೆ. ಘಾಟಿ ಹತ್ತಿ ಬರುವ ಭೂತಾಯಿ ಅಗ್ಗಕ್ಕೆ ಸಿಕ್ಕ ದಿನ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಮುಳ್ಳು ಹಿಚುಕಿ ನೋಡಿ ಕೊಡಿ. ಕೂದಲು ಹೊಳೆಯಲು ಇದಕ್ಕಿಂತ ಬೇರೆ ಎಣ್ಣೆ ಬೇಡ.

ಹಸಿಯೋ ಬೇಯಿಸಿದ್ದೋ ಎಂದು ಮನೆಯಲ್ಲಿ ಜಗಳ ನಡೆಯುತ್ತಿರುವಾಗ ಎಲ್ಲರೂ ಮರೆಯುವ ವಸ್ತು ಸುಣ್ಣ. ಅಂದರೆ ಕ್ಯಾಲ್ಸಿಯಂ. ಕೆಲವು ವರ್ಷದ ಹಿಂದೆ ಹಾಸನದ ಒಬ್ಬರು ನಾಲ್ಕು ತಿಂಗಳ ಜರ್ಮನ್ ಶೆಫರ್ಡ್ ಮರಿಯನ್ನು ಎತ್ತಿಕೊಂಡು ಬಂದರು. ನಡೆಯಲಾಗುತ್ತಿರಲಿಲ್ಲ. ಮುಂಗಾಲು ಬಿಲ್ಲಿನಂತೆ ಬಾಗಿತ್ತು. ಎಕ್ಸ್‌ರೇಯಲ್ಲಿ ಮೂಳೆ ನೆರಳಿನ ಹಾಗೆ ತೆಳ್ಳಗೆ. ‘ಏನು ಹಾಕ್ತೀರಿ?’ ಎಂದೆ. ‘ದಿನಾ ಅರ್ಧ ಕೆಜಿ ಬೋನ್‌ಲೆಸ್ ಡಾಕ್ಟ್ರೇ, ಬೇರೆ ಏನೂ ಇಲ್ಲ’ ಎಂದರು. ದನಿಯಲ್ಲಿ ಹೆಮ್ಮೆ ಇತ್ತು. ಇರಬೇಕಾದದ್ದೇ, ಅಷ್ಟು ಖರ್ಚು ಮಾಡಿದ್ದರು. ಬರೀ ಮಾಂಸದಲ್ಲಿ ಒಂದು ಪಾಲು ಕ್ಯಾಲ್ಸಿಯಂ ಇದ್ದರೆ ಹದಿನೈದಿಪ್ಪತ್ತು ಪಾಲು ರಂಜಕ ಇರುತ್ತದೆ. ನಾಯಿಗೆ ಬೇಕಾದದ್ದು ಒಂದಕ್ಕೆ ಒಂದು, ಅಥವಾ ಕ್ಯಾಲ್ಸಿಯಂ ತುಸು ಹೆಚ್ಚು. ರಕ್ತದಲ್ಲಿ ಸಾಲದ್ದನ್ನು ದೇಹ ತನ್ನ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಆ ಮರಿಗೆ ಹಸಿಯಾಗಿ ಕೊಟ್ಟಿದ್ದರೂ ಅದೇ ಗತಿ, ಬೇಯಿಸಿ ಕೊಟ್ಟಿದ್ದರೂ ಅದೇ ಗತಿ. ತೋಳ ಜಿಂಕೆಯನ್ನು ಹಿಡಿದರೆ ಬೋನ್‌ಲೆಸ್ ಮಾತ್ರ ತಿನ್ನುವುದಿಲ್ಲವಲ್ಲ.

ಹಾಗಾದರೆ ಮೂಳೆ ಕೊಡೋಣವೇ? ಬೇಯಿಸಿದ ಮೂಳೆ ಬೇಡವೇ ಬೇಡ. ಬೆಂದ ಮೂಳೆ ಪೆಳಸಾಗಿ ಚೂಪು ಚೂಪಾಗಿ ಒಡೆಯುತ್ತದೆ. ವರ್ಷತೊಡಕಿನ ಮಾರನೇ ದಿನ ನಮ್ಮ ಕಡೆಯ ಯಾವುದೇ ಪಶುವೈದ್ಯರನ್ನು ಕೇಳಿ ನೋಡಿ. ಗಂಟಲಲ್ಲಿ ಸಿಕ್ಕಿಕೊಂಡದ್ದು, ಗುದದ್ವಾರದಲ್ಲಿ ಗಾರೆಯ ಹಾಗೆ ಗಟ್ಟಿಯಾದದ್ದು, ಎಲ್ಲ ಸಾಲಾಗಿ ಬರುತ್ತವೆ. ಬೇರೆಯವರಿಗೆ ಬುದ್ಧಿ ಹೇಳುವ ನಾನೇ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮನೆಯ ನಾಯಿಗೆ ಊಟ ಮುಗಿಸಿ ಎದ್ದು ತಟ್ಟೆಯ ಕುರಿ ಮೂಳೆ ಎಸೆದಿದ್ದೆ. ಮೂರನೇ ದಿನ ಅದರ ಹೊಟ್ಟೆ ಕೊಯ್ಯಬೇಕಾಯಿತು. ಬದುಕಿತು. ಹೆಂಡತಿ ಇವತ್ತಿಗೂ ಆ ಕತೆಯನ್ನು ನೆಂಟರ ಮುಂದೆ ಹೇಳುತ್ತಾಳೆ. ಹಸಿ ಮೂಳೆ ಅಷ್ಟು ಸೀಳುವುದಿಲ್ಲ, ನಿಜ. ಆದರೆ ಹಲ್ಲು ಮುರಿಯುತ್ತದೆ. ಕೋಳಿಯ ಮೂಳೆಯಾದರೆ ಮೇಲೆ ಹೇಳಿದ ಬ್ಯಾಕ್ಟೀರಿಯಾ ಕತೆ ಮತ್ತೆ ಶುರು.

ಮೂಳೆಯ ಬದಲಿಗೆ ಮೊಟ್ಟೆಯ ಓಡು. ಒಂದು ಓಡಿನಲ್ಲಿ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಇದೆ. ಓಡುಗಳನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಹಿಟ್ಟು ಮಾಡಿ. ತರಿತರಿ ಇರಬಾರದು. ಮಳೆಗಾಲದಲ್ಲಿ ಒಣಗುವುದಿಲ್ಲ, ಬಾಣಲೆಯಲ್ಲಿ ಬೆಚ್ಚಗೆ ಹುರಿದುಕೊಳ್ಳಿ. ಬ್ರೂನೋಗೆ ದಿನಕ್ಕೆ ಮುಕ್ಕಾಲು ಟೀ ಚಮಚ ಸಾಕು. ಒಳ್ಳೆಯದು ಅಂತ ಮೂರು ಚಮಚ ಹಾಕಬೇಡಿ. ಮರಿ ಸಾಕಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಈ ಅಳತೆ ನಿಮಗಲ್ಲ. ದೊಡ್ಡ ತಳಿಯ ಮರಿಗಳಿಗೆ ಕ್ಯಾಲ್ಸಿಯಂ ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಅವಕ್ಕೆ ವೈದ್ಯರು ತೂಕ ನೋಡಿ ಹೇಳಬೇಕು.

ಈಗ ಅಡುಗೆ. ಬ್ರೂನೋನ ತೂಕಕ್ಕೆ, ತೋಟದಲ್ಲಿ ಓಡಾಡುವ ನಾಯಿ ಎಂದುಕೊಂಡು, ದಿನಕ್ಕೆ ಸುಮಾರು 1200 ಕ್ಯಾಲೊರಿ ಬೇಕು. ಮೂಳೆಯಿಲ್ಲದ ಕೋಳಿ 400 ಗ್ರಾಂ, ಅದರೊಳಗೇ ಒಂದೆರಡು ತುಂಡು ಕೋಳಿಯ ಲಿವರ್ ಸೇರಿರಲಿ. 120 ಗ್ರಾಂ ಅಕ್ಕಿಯ ಅನ್ನ, ಇಲ್ಲವೇ ಅಷ್ಟೇ ರಾಗಿಹಿಟ್ಟಿನ ಮುದ್ದೆ. ಸಿಹಿಗುಂಬಳ, ಕ್ಯಾರೆಟ್, ಬೀನ್ಸ್ ಯಾವುದಾದರೂ ಒಂದು ಹಿಡಿ ಚೆನ್ನಾಗಿ ಬೆಂದದ್ದು. ಒಂದು ಬೇಯಿಸಿದ ಮೊಟ್ಟೆ, ಒಂದು ಚಮಚ ಎಣ್ಣೆ. ಎಲ್ಲ ತೂಕವೂ ಬೇಯಿಸುವ ಮುಂಚಿನದು. ಎರಡು ಹೊತ್ತಿಗೆ ಹಂಚಿ. ಕೋಳಿಯ ಚರ್ಮ ಬೇಡ. ಕೋಳಿ ಮುಳುಗುವಷ್ಟೇ ನೀರಿಡಿ, ಬೆಂದ ನೀರು ಚೆಲ್ಲಬೇಡಿ. ಟಾರಿನ್‌ನಂಥ ಕೆಲವು ಪೋಷಕಾಂಶಗಳು ನೀರಿಗೆ ಇಳಿದಿರುತ್ತವೆ, ಅದರಲ್ಲೇ ಅನ್ನ ಕಲಸಿ. ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆ ಎಂಬ ಮಗನ ಆತಂಕಕ್ಕೆ ಅರ್ಧ ಪರಿಹಾರ ಆ ನೀರಿನಲ್ಲೇ ಇದೆ. ಹದವಾಗಿ ಬೆಂದ ಪ್ರೋಟೀನಿಗೆ ಅಂಥ ನಷ್ಟವೇನೂ ಆಗುವುದಿಲ್ಲ. ಕೆಲವು ಬಿ ಜೀವಸತ್ವ ಕಡಿಮೆಯಾಗುತ್ತವೆ.

ನಿಮ್ಮ ಮನೆಯ ಸಾರು ಮಾತ್ರ ಇವತ್ತಿಗೇ ನಿಲ್ಲಿಸಿ. ಪತ್ರದಲ್ಲಿ ನನಗೆ ಹಸಿ ಕೋಳಿಯಷ್ಟೇ ಚುಚ್ಚಿದ್ದು ಆ ಮಾತು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ನಾಯಿಯ ಪ್ರತಿ ಕೆಜಿ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಹೋದರೆ ರಕ್ತದಲ್ಲಿ ಬದಲಾವಣೆ ಕಾಣುತ್ತದೆ. ಬ್ರೂನೋ ಲೆಕ್ಕದಲ್ಲಿ ಒಂದೇ ಸಲಕ್ಕೆ 400 ಗ್ರಾಮಿನ ಮೇಲೆ, ಅಷ್ಟು ಯಾರೂ ಹಾಕುವುದಿಲ್ಲ. ಆದರೆ ದಿನಾ ಸ್ವಲ್ಪ ಸ್ವಲ್ಪ ಹೋದರೂ ಕೆಡುಕೇ. ಮನೆಗೆ ಕೋಳಿ ಸಾರು ಮಾಡುವ ದಿನ, ಒಗ್ಗರಣೆಗೆ ಮುಂಚೆಯೇ ಅವನ ಪಾಲು ಬೇರೆ ತೆಗೆದು ಬೇಯಿಸಿ. ಉಪ್ಪು, ಖಾರ, ಮಸಾಲೆ ಏನೂ ಬೇಡ.

ಇಷ್ಟೆಲ್ಲ ಮಾಡಿದರೂ ಮನೆಯ ಅಡುಗೆ ನಾಯಿಗೆ ಪೂರ್ತಿ ಸಾಲುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 2013ರಲ್ಲಿ ನಾಯಿಗಾಗಿ ಬರೆದ 200 ಅಡುಗೆ ವಿಧಾನಗಳನ್ನು ಲೆಕ್ಕ ಹಾಕಿ ನೋಡಿದರು. ಶೇ 95ರಲ್ಲಿ ಒಂದಲ್ಲ ಒಂದು ಮುಖ್ಯ ಪೋಷಕಾಂಶದ ಕೊರತೆ ಇತ್ತು. ಅದರಲ್ಲಿ ಪಶುವೈದ್ಯರು ಬರೆದವೂ ಇದ್ದವು. ನಾನು ಮೇಲೆ ಬರೆದದ್ದರಲ್ಲೂ ಸತು, ಅಯೋಡಿನ್, ಡಿ ಮತ್ತು ಇ ಜೀವಸತ್ವ ಸಾಲದು. ಹಾಗಾಗಿ ನಾಯಿಗಳಿಗಾಗಿಯೇ ಇರುವ ಖನಿಜ-ಜೀವಸತ್ವದ ಪುಡಿಯನ್ನು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ಅದರಲ್ಲೇ ಕ್ಯಾಲ್ಸಿಯಂ ಇದ್ದರೆ ಓಡಿನ ಪುಡಿ ಎಷ್ಟು ಇಳಿಸಬೇಕು ಎಂದೂ ಕೇಳಿ. ಇದೆಲ್ಲ ಯಾರಿಗೆ ಬೇಕು ಅನ್ನಿಸಿದರೆ ಒಂದು ಹೊತ್ತು ಒಳ್ಳೆಯ ಕಂಪನಿಯ ಒಣ ಆಹಾರ, ಒಂದು ಹೊತ್ತು ಮನೆಯ ಊಟ. ಅದೇನೂ ಸೋಲಲ್ಲ. ಆದರೆ ಚೀಲ ಚಿಕ್ಕದು ತನ್ನಿ. ನಮ್ಮ ಮಳೆಗಾಲದಲ್ಲಿ ಇಪ್ಪತ್ತು ಕೆಜಿ ಚೀಲ ಬಾಯಿ ಬಿಚ್ಚಿಟ್ಟರೆ ಆಗಸ್ಟ್ ಹೊತ್ತಿಗೆ ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ವಿಷ ನಾಯಿಯ ಲಿವರನ್ನು ತಿಂದುಹಾಕುತ್ತದೆ.

ತೋಟದ ಮನೆಯಾದ್ದರಿಂದ ಒಂದು ಅಡ್ಡ ಮಾತು. ಗೊಬ್ಬರ ಹಾಕುವ ಕಾಲದಲ್ಲಿ ಎಲುಬಿನ ಪುಡಿ, ಹರಳು ಹಿಂಡಿ ಇರುವ ಮೂಟೆಗಳಿಗೆ ಬಾಗಿಲು ಹಾಕಿ. ಎಲುಬಿನ ವಾಸನೆಗೆ ನಾಯಿ ಹೋಗುತ್ತದೆ, ಹರಳು ಹಿಂಡಿ ತಿನ್ನುತ್ತದೆ. ಹರಳಿನ ವಿಷಕ್ಕೆ ನಮ್ಮ ಹತ್ತಿರ ಮದ್ದಿಲ್ಲ.

ಅತ್ತೆಯವರ ಮಾತಿಗೆ ಬರೋಣ. ಹಸಿ ಮಾಂಸ ತಿಂದದ್ದಕ್ಕೆ ನಾಯಿ ಕ್ರೂರವಾಗುವುದಿಲ್ಲ. ‘ರಕ್ತದ ರುಚಿ’ ಎಂಬುದೊಂದು ಇಲ್ಲ. ಲ್ಯಾಬ್ರಡಾರಿಗೆ ರಕ್ತದ ರುಚಿ, ಹಲಸಿನ ಹಣ್ಣಿನ ರುಚಿ, ಚಪ್ಪಲಿಯ ರುಚಿ ಎಲ್ಲವೂ ಒಂದೇ. ಆದರೆ ಅವರ ಭಯ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದೂ ಅಲ್ಲ. ಬಹಳ ಇಷ್ಟವಾದ ತಿಂಡಿ, ಅದರಲ್ಲೂ ಹೊತ್ತುಕೊಂಡು ಹೋಗಿ ಕೂತು ತಿನ್ನುವಂಥ ಮೂಳೆ ಸಿಕ್ಕಾಗ, ಎಷ್ಟೇ ಸಾಧು ನಾಯಿಯೂ ಹತ್ತಿರ ಬಂದವರಿಗೆ ಗುರ್ ಎನ್ನಬಹುದು. ಅದು ತನ್ನ ವಸ್ತು ಕಾಯುವ ಸ್ವಭಾವ. ಅತ್ತೆಯವರು ಯಾವತ್ತೋ ಅಂಥದ್ದನ್ನು ನೋಡಿರಬೇಕು. ಆದ್ದರಿಂದ ಬ್ರೂನೋ ತಿನ್ನುವ ಜಾಗ ಒಂದು ಕಡೆ ಇರಲಿ. ಮಗು ಹರಿದಾಡಲು ಶುರುಮಾಡಿದ ಮೇಲೆ ಅವನು ಊಟ ಮಾಡುವಾಗ ಮಗು ಆ ಕಡೆ ಹೋಗದಂತೆ ಅಡ್ಡ ಹಲಗೆ ಇಡಿ. ಅತ್ತೆಯವರಿಗೆ ‘ನೀವು ಹೇಳಿದ್ದಕ್ಕೇ ಇಟ್ಟದ್ದು’ ಎಂದು ಹೇಳಿ, ಸುಳ್ಳೇನೂ ಅಲ್ಲ.

ಹೋದ ತಿಂಗಳಿನಿಂದ ಬ್ರೂನೋ ಒಂದಷ್ಟು ಹಸಿ ಕೋಳಿ ತಿಂದಿರಬೇಕು. ಗಾಬರಿ ಬೇಡ. ಬೇಧಿ, ವಾಂತಿ ಇಲ್ಲವಾದರೆ ಔಷಧಿ ಏನೂ ಬೇಡ. ಹೊಸ ಊಟವನ್ನು ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಒಮ್ಮೆಲೇ ಬದಲಾಯಿಸಿದರೆ ಹೊಟ್ಟೆ ಕೆಡುತ್ತದೆ. ಕಕ್ಕ ಬಿದ್ದ ದಿನವೇ ತೆಗೆದು ಹೂಳಿಸಿ. ಅವನನ್ನು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆದೇ ಮಗುವನ್ನು ಎತ್ತಿಕೊಳ್ಳಿ. ಕಕ್ಕದ ಪರೀಕ್ಷೆ ಮಾಡಿಸಬೇಕೆನಿಸಿದರೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಆದರೆ ಎಕಿನೋಕಾಕಸ್ ಮೊಟ್ಟೆ ಸೂಕ್ಷ್ಮದರ್ಶಕದಲ್ಲಿ ಬೇರೆ ಲಾಡಿಹುಳುವಿನ ಮೊಟ್ಟೆಯ ಹಾಗೇ ಕಾಣುತ್ತದೆ. ಕುರಿಯ ಒಳಾಂಗ ಎಂದಾದರೂ ಹಸಿಯಾಗಿ ತಿಂದಿದ್ದಾನೆ ಎಂಬ ಅನುಮಾನವಿದ್ದರೆ ಪರೀಕ್ಷೆಗೆ ಕಾಯದೆ ಪ್ರಾಜಿಕ್ವಾಂಟೆಲ್ ಹಾಕಿಸುವುದೇ ಜಾಣತನ.

ಕೊನೆಗೆ ಆ ಆರು ಕೆಜಿ ಕೋಳಿ. ಫ್ರೀಜರಿನಲ್ಲಿಟ್ಟರೆ ಬ್ಯಾಕ್ಟೀರಿಯಾ ಸಾಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕೆಲವು ಹುಳುಗಳು ಸಾಯುತ್ತವೆ. ಸಾಲ್ಮೊನೆಲ್ಲಾ ಸಾಯುವುದಿಲ್ಲ, ನಿದ್ದೆ ಮಾಡುತ್ತದೆ. ಕರೆಂಟ್ ಹೋಗಿ ಮಾಂಸ ಕರಗಿದಾಗ ಎದ್ದು ಸಂಸಾರ ಬೆಳೆಸುತ್ತದೆ. ಪೂರ್ತಿ ತುಂಬಿದ ಫ್ರೀಜರ್ ಬಾಗಿಲು ತೆಗೆಯದೆ ಇದ್ದರೆ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದರೆ 24 ಗಂಟೆ. ನಿಮ್ಮದು ಮನೆಯ ಫ್ರಿಜ್ಜಿನ ಮೇಲಿನ ಚಿಕ್ಕ ಖಾನೆ ಅಂದುಕೊಳ್ಳುತ್ತೇನೆ, ನಡುವೆ ಹಾಲಿಗೆ, ಹೂವಿಗೆ ಅಂತ ಫ್ರಿಜ್ ತೆಗೆದಿರುತ್ತೀರಿ. ಎರಡು ದಿನದಲ್ಲಿ ಅದು ಕರಗಿ, ಬೆಚ್ಚಗಾಗಿ, ಮತ್ತೆ ಗಟ್ಟಿಯಾಗಿದೆ. ನೋಡಲು ಮೊದಲಿನ ಹಾಗೇ ಇರುತ್ತದೆ, ಅದೇ ಮೋಸ. ಬೇಯಿಸಿ ಕೊಡಬಹುದೇ ಎಂದರೆ ಅದೂ ಬೇಡ. ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಉಳಿಯುತ್ತದೆ. ಮುಂದಿನ ಮಳೆಗೆ ಒಂದು ಉಪಾಯ ಮಾಡಿಟ್ಟುಕೊಳ್ಳಿ. ಲೋಟದಲ್ಲಿ ನೀರು ಗಟ್ಟಿ ಮಾಡಿ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ನಾಣ್ಯ ತಳಕ್ಕಿಳಿದಿದ್ದರೆ ಎಲ್ಲ ಕರಗಿತ್ತು ಎಂದು ಗೊತ್ತಾಗುತ್ತದೆ.

ಈಗಿರುವುದನ್ನು ಹೂಳಿಸಿಬಿಡಿ. ದುಡ್ಡು ಕೊಟ್ಟು ತಂದದ್ದು, ಹೊಟ್ಟೆ ಉರಿಯುತ್ತದೆ, ಗೊತ್ತು. ಗುಂಡಿ ಮೂರಡಿಗೆ ಕಡಿಮೆ ಬೇಡ. ಮೇಲೆ ಸುಣ್ಣ ಹಾಕಿಸಿ, ಮಣ್ಣು ತುಳಿದು ಗಟ್ಟಿ ಮಾಡಿಸಿ, ಒಂದು ಕಲ್ಲು ಹೇರಿಸಿ. ಆ ಹೊತ್ತಿನಲ್ಲಿ ಬ್ರೂನೋನನ್ನು ಮನೆಯೊಳಗೆ ಕಟ್ಟಿಹಾಕಿರಿ. ಎಲ್ಲಿ ಹೂಳಿದ್ದೀರಿ ಎಂದು ಅವನಿಗೆ ಗೊತ್ತಾದರೆ ರಾತ್ರಿಯೇ ತೋಡಿ ತೆಗೆಯುತ್ತಾನೆ.